ಹಣೆಪಟ್ಟಿ ಮತ್ತು ಹದಿನೈದು ವರ್ಷದ ಹುಡುಗಿ

ನಾನು ನಾಲ್ಕು ಪದ್ಯ ಬರೆದುಕೊಂಡು ಇದ್ದವಳು. ಪದ್ಯಕ್ಕೆ ಯಾರೂ ಇದು ಯಾವ ಪ್ರಕಾರ ಅಂತ ಕೇಳಿರಲಿಲ್ಲ. ಸಾಲು ಗಿಡ್ಡಕ್ಕಿದ್ದರೆ ಪದ್ಯ, ಅಷ್ಟೇ. ಕಳೆದ ಎರಡು ವರ್ಷ ರಾತ್ರಿ ಹೊತ್ತು ಕೂತು ನೂರ ಮೂವತ್ತು ಪುಟದ ಗದ್ಯವೊಂದನ್ನು ಬರೆದೆ. ಡಿಟಿಪಿ ಮಾಡಿಸಿ ಒಬ್ಬ ಪ್ರಕಾಶಕರಿಗೆ ಕೊಟ್ಟೆ. ತಿಂಗಳಾದ ಮೇಲೆ ಅವರ ಫೋನು ಬಂತು.

‘ಚೆನ್ನಾಗಿದೆ ಕಣಮ್ಮ, ಹಾಕೋಣ. ಆದ್ರೆ ಇದು ಏನು ಅಂತ ಹೇಳು.’

‘ಏನು ಅಂದ್ರೆ ಸಾರ್?’

‘ಮಕ್ಕಳ ಕಾದಂಬರಿಯೋ, ಆತ್ಮಕಥನವೋ, ದಲಿತ ಕಾದಂಬರಿಯೋ? ಮುಖಪುಟದ ಮೇಲೆ ಹಾಕಬೇಕು. ಲೈಬ್ರರಿಗೆ ಕಳಿಸೋ ಪಟ್ಟಿಯಲ್ಲಿ ತುಂಬಬೇಕು. ಅಂಗಡಿಯವನು ಯಾವ ಕಪಾಟಿನಲ್ಲಿ ಇಡಲಿ ಅಂತ ಕೇಳ್ತಾನೆ. ನಿಂಗೇ ಬಿಟ್ಟಿದ್ದೀನಿ.’

ಅವರು ಒಳ್ಳೆಯವರು. ನಂಗೇ ಬಿಟ್ಟರು. ಬಿಟ್ಟು ಐದು ತಿಂಗಳಾಯಿತು. ಇದೇನು ಮಹಾ, ಒಂದು ಪದ ತಾನೇ ಅಂತ ಅಂದುಕೊಂಡಿದ್ದೆ. ಆ ಒಂದು ಪದ ನನ್ನ ನಿದ್ದೆ ಕೆಡಿಸಿದಷ್ಟು ಆ ನೂರ ಮೂವತ್ತು ಪುಟವೂ ಕೆಡಿಸಿರಲಿಲ್ಲ.

ಪುಸ್ತಕದಲ್ಲಿ ಏನಿದೆ ಅಂತ ಮೊದಲು ಹೇಳಿಬಿಡುತ್ತೇನೆ. ಮಾದಿ ಅಂತ ಒಬ್ಬ ಹುಡುಗಿ, ಹದಿನೈದು ವರ್ಷ. ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ಅವಳ ಹೆಸರನ್ನು ‘ಪವಿತ್ರ’ ಅಂತ ಬರೆದುಕೊಂಡಿದ್ದಾರೆ. ತಾಲ್ಲೂಕು ಕೇಂದ್ರದ ಹಾಸ್ಟೆಲಿನಲ್ಲಿದ್ದುಕೊಂಡು ಹತ್ತನೇ ಕ್ಲಾಸು ಓದುತ್ತಾಳೆ. ಮೂರನೇ ಅಧ್ಯಾಯದಲ್ಲಿ ಅವಳಪ್ಪ ಒಂದು ಕಲ್ಯಾಣ ಮಂಟಪದ ಹಿಂದಿನ ಗುಂಡಿ ಚೊಕ್ಕಟ ಮಾಡಲು ಇಳಿದವನು ಮೇಲೆ ಬರುವುದಿಲ್ಲ. ಹನ್ನೊಂದನೇ ದಿನ ಮುಗಿಸಿಕೊಂಡು ಅವಳು ಹಾಸ್ಟೆಲಿಗೆ ವಾಪಸು ಬರುತ್ತಾಳೆ, ಪರೀಕ್ಷೆ ಇದೆ. ಹಾಸ್ಟೆಲಿನ ಬಚ್ಚಲಿಗೆ ಚಿಲಕ ಇಲ್ಲ. ಪಕ್ಕದ ಹಾಸಿಗೆಯ ಗೆಳತಿಯನ್ನು ದಸರಾ ರಜಕ್ಕೆ ಅಂತ ಕರೆದುಕೊಂಡು ಹೋದವರು ಮದುವೆ ಮಾಡಿಬಿಡುತ್ತಾರೆ. ಕ್ಲಾಸಿನ ಒಬ್ಬ ಹುಡುಗ ಮಾದಿಗೆ ಕಾಗದ ಬರೆಯುತ್ತಾನೆ, ಅವಳ ಮನೆ ಊರಿನ ಯಾವ ಕಡೆ ಅಂತ ಗೊತ್ತಾದ ಮಾರನೇ ದಿನದಿಂದ ಕಾಗದ ನಿಲ್ಲುತ್ತದೆ. ಕೊನೆಗೆ ಮಾದಿ ತನ್ನ ಜೀವಮಾನದ ಮೊದಲ ಅರ್ಜಿ ಬರೆಯುತ್ತಾಳೆ. ಅಪ್ಪನ ಸಾವಿಗಲ್ಲ, ಬಚ್ಚಲ ಚಿಲಕಕ್ಕೆ. ಅಷ್ಟೇ ಕತೆ.

ಪ್ರಕಾಶಕರ ಮನಸ್ಸು ‘ಮಕ್ಕಳ ಕಾದಂಬರಿ’ ಕಡೆಗಿತ್ತು. ಸ್ಕೂಲುಗಳು ಕೊಳ್ಳುತ್ತವೆ, ಮೇಷ್ಟ್ರುಗಳು ಕೊಳ್ಳುತ್ತಾರೆ, ಎರಡನೇ ಮುದ್ರಣಕ್ಕೂ ಹೋಗಬಹುದು. ಆದರೆ ಹಾಗೆ ಹಾಕುವುದಾದರೆ ಮೂರು ಜಾಗ ತೆಗೆಯಬೇಕು: ಗುಂಡಿಯಿಂದ ಹೆಣ ಎತ್ತುವ ಎರಡು ಪುಟ, ಮಾದಿ ಹೊರಗಾದ ದಿನ ಬಟ್ಟೆ ಒಗೆಯಲು ಕತ್ತಲಾಗುವುದನ್ನು ಕಾಯುವ ಭಾಗ, ಆಮೇಲೆ ಆ ಹುಡುಗನ ಕಾಗದ. ‘ಮಕ್ಕಳ ಮನಸ್ಸಿಗೆ ಆಘಾತ ಆಗುತ್ತೆ’ ಅಂದರು.

ಯಾವ ಮಕ್ಕಳ ಮನಸ್ಸಿಗೆ? ಗೆಳೆಯರೇ, ನಾನು ವಾದಕ್ಕೆ ಕೇಳುತ್ತಿಲ್ಲ, ತಿಳಿಯದೇ ಕೇಳುತ್ತಿದ್ದೇನೆ. 2013ರ ಕಾನೂನು ಬಂದ ಮೇಲೂ ಗುಂಡಿಗೆ ಇಳಿದು ಸತ್ತವರ ಮಕ್ಕಳೂ ಮಕ್ಕಳೇ ತಾನೆ? ಹಾಗೆ ಸತ್ತರೆ ಹತ್ತು ಲಕ್ಷ ಪರಿಹಾರ ಕೊಡಬೇಕು ಅಂತ ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. 2023ರಲ್ಲಿ ಅದನ್ನು ಮೂವತ್ತು ಲಕ್ಷ ಮಾಡಿತು. ಅಂದರೆ ನ್ಯಾಯಾಲಯಕ್ಕೂ ಗೊತ್ತಿದೆ, ಇದು ನಿಂತಿಲ್ಲ ಅಂತ. ಆ ಮಕ್ಕಳು ಹೆಣದ ಮುಂದೆ ನಿಲ್ಲಬಹುದು, ಹೆಣದ ಬಗ್ಗೆ ಓದಬಾರದು. ‘ಮಕ್ಕಳ ಸಾಹಿತ್ಯ’ ಅನ್ನುವಾಗ ಮಕ್ಕಳು ಅಂದರೆ ಯಾರ ಮನೆಯ ಮಕ್ಕಳು ಅನ್ನೋದು ಯಾರೂ ಬಾಯಿಬಿಟ್ಟು ಹೇಳದ ಒಪ್ಪಂದ.

ಹಂಗಂತ ನಾನು ಮಕ್ಕಳ ಪುಸ್ತಕವನ್ನು ಹೀಗಳೆಯುವವಳಲ್ಲ. ಕುವೆಂಪು ಅವರ ಕಿಂದರಿಜೋಗಿಯನ್ನು ನಾನೂ ಕುಣಿದಾಡಿಕೊಂಡು ಹೇಳಿದವಳೇ. ಆದರೆ ನನ್ನ ಮಾದಿಗೆ ಆ ಕಪಾಟು ಗಿಡ್ಡವಾಯಿತು, ನಿಂತರೆ ತಲೆ ತಗಲುತ್ತದೆ.

ದೊಡ್ಡವರ ಕಪಾಟೋ? ಅಲ್ಲಿ ಇನ್ನೊಂದು ತಮಾಷೆ. ಸಾಹಿತ್ಯ ಅಕಾಡೆಮಿಯವರು 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದ್ದಾರೆ, ಅದು 9ರಿಂದ 16 ವರ್ಷದ ಮಕ್ಕಳ ಪುಸ್ತಕಕ್ಕೆ. 2011ರಿಂದ ಯುವ ಪುರಸ್ಕಾರ ಅಂತಲೂ ಇದೆ, ಅದು 35 ವರ್ಷದ ಒಳಗಿನ ಲೇಖಕರಿಗೆ. ಮೊದಲನೆಯದರಲ್ಲಿ ಓದುವವರ ವಯಸ್ಸು ಎಣಿಸುತ್ತಾರೆ, ಎರಡನೆಯದರಲ್ಲಿ ಬರೆದವರ ವಯಸ್ಸು. ನನ್ನ ಪುಸ್ತಕದಲ್ಲಿ ವಯಸ್ಸಿನ ಗುದ್ದಾಟ ಇರುವುದು ಒಳಗೆ, ಮಾದಿಯ ಮೈಯಲ್ಲಿ. ಅದನ್ನು ಎಣಿಸುವ ಅಂಕಣ ಯಾವ ಪಟ್ಟಿಯಲ್ಲೂ ನನಗೆ ಸಿಗಲಿಲ್ಲ. ಇಂಗ್ಲಿಷಿನವರು ಇದಕ್ಕೆ ‘ಯಂಗ್ ಅಡಲ್ಟ್’ ಅಂತಾರೆ. ನಾವು ಕಿಶೋರ ಅಂತೀವಿ, ಹದಿಹರೆಯ ಅಂತೀವಿ. ‘ಕಿಶೋರ’ ಅಂದ ಕೂಡಲೇ ನನ್ನ ಕಣ್ಣ ಮುಂದೆ ಕ್ಯಾಲೆಂಡರಿನ ಕೃಷ್ಣ ಕೊಳಲು ಹಿಡಿದು ನಿಲ್ಲುತ್ತಾನೆ. ಮಾದಿ ಆ ಪದದೊಳಗೆ ಹೋಗಲ್ಲ.

ನಮ್ಮ ಕೇರಿಯಲ್ಲಿ ವಯಸ್ಸನ್ನು ವರ್ಷದಲ್ಲಿ ಎಣಿಸುತ್ತಿರಲಿಲ್ಲ, ಕೆಲಸದಲ್ಲಿ ಎಣಿಸುತ್ತಿದ್ದರು. ಕಂಕುಳಲ್ಲಿ ಕೂಸು ಎತ್ತಿಕೊಳ್ಳುವಷ್ಟು ದೊಡ್ಡವಳು. ಬಿಂದಿಗೆ ಹೊರುವಷ್ಟು ದೊಡ್ಡವಳು. ಕಳೆ ಕೀಳಲು ಹೋದರೆ ಅರ್ಧ ಕೂಲಿ ಸಿಗುವಷ್ಟು ದೊಡ್ಡವಳು. ಆಮೇಲೆ ಪೂರ್ತಿ ಕೂಲಿಯವಳು. ಅರ್ಧ ಕೂಲಿಗೂ ಪೂರ್ತಿ ಕೂಲಿಗೂ ನಡುವೆ ಎಷ್ಟು ದಿನವೋ ಅಷ್ಟೇ ನಮ್ಮವರ ಹದಿಹರೆಯ. ಆ ಮಾತನ್ನು ನಾನು ಮೊದಲು ಕೇಳಿದ್ದು ಹೈಸ್ಕೂಲಿನಲ್ಲಿ, ಕಬ್ಬಿಣಾಂಶದ ಮಾತ್ರೆ ಹಂಚಲು ಬಂದ ನರ್ಸಮ್ಮನ ಬಾಯಲ್ಲಿ. ಅವ್ವನಿಗೆ ಹದಿನಾರಕ್ಕೆ ಮದುವೆ, ಹದಿನೇಳಕ್ಕೆ ನಾನು. ಬರೆಯುವಾಗ ಒಂದು ದಿನ ಕೇಳಿದೆ:

‘ಅವ್ವ, ನಿಂಗೆ ಹದ್ನೈದು ವರ್ಸದಲ್ಲಿ ಏನನ್ನಿಸ್ತಿತ್ತು?’

ಅವ್ವ ಸೊಪ್ಪು ಸೋಸುತ್ತಿದ್ದವಳು ತಲೆ ಎತ್ತದೆ ಅಂದಳು: ‘ಏನನ್ನಿಸ್ತದಮ್ಮಿ. ನಿದ್ದೆ ಬತ್ತಿತ್ತು.’

ಆ ವಯಸ್ಸನ್ನು ನನಗೆ ಕೊಟ್ಟದ್ದು ಹಾಸ್ಟೆಲ್ಲು. ಅನ್ನ ಹಳಸಿರಲಿ, ಸಾರಿನಲ್ಲಿ ಹುಳ ಇರಲಿ, ಬೆಳಗಿನ ಐದರಿಂದ ಏಳರವರೆಗೆ ನನ್ನ ಮೈಯನ್ನು ಯಾರೂ ಕೆಲಸಕ್ಕೆ ಕರೆಯುತ್ತಿರಲಿಲ್ಲ. ಆ ಎರಡು ಗಂಟೆಯಲ್ಲಿ ಸಿಟ್ಟು ಬರುತ್ತಿತ್ತು, ನಾಚಿಕೆ ಬರುತ್ತಿತ್ತು, ಕನ್ನಡಿ ನೋಡಬೇಕು ಅನ್ನಿಸುತ್ತಿತ್ತು, ಸುಮ್ಮನೆ ಅಳು ಬರುತ್ತಿತ್ತು. ಇವೆಲ್ಲ ಬರಬೇಕಾದರೆ ಮನುಷ್ಯರಿಗೆ ಒಂದಿಷ್ಟು ಬಿಡುವು ಬೇಕು. ಬಾಬಾಸಾಹೇಬರು 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭೆ ಕಟ್ಟಿದಾಗ ಅದು ಮೊದಮೊದಲಿಗೆ ಮಾಡಿದ ಕೆಲಸಗಳಲ್ಲಿ ಸೋಲಾಪುರದಲ್ಲಿ ಹಾಸ್ಟೆಲು ತೆರೆದದ್ದೂ ಒಂದು. ಓದಲು ಜಾಗ ಬೇಕು ಅಂತ ಮಾಡಿದ್ದು, ನಿಜ. ಆದರೆ ಆ ಜಾಗ ನಮ್ಮ ಮಕ್ಕಳಿಗೆ ಅಕ್ಷರದ ಜೊತೆಗೆ ಒಂದು ವಯಸ್ಸನ್ನೂ ಕೊಟ್ಟಿತು ಅಂತ ನನಗೆ ಈಗ ಅನ್ನಿಸುತ್ತದೆ. ಮೇಲಿನವರ ಮನೆಗಳಲ್ಲಿ ಆ ವಯಸ್ಸು ಹುಟ್ಟಿನಿಂದಲೇ ಬರುತ್ತೇನೋ, ನಮಗೆ ಅದು ಅರ್ಜಿ ಹಾಕಿ ಸಿಕ್ಕಿದ್ದು.

ಅಮೆರಿಕದಲ್ಲೂ ಇದು ಹೆಚ್ಚು ಕಡಿಮೆ ಹೀಗೇ ಆಗಿದೆ ಅಂತ ಓದಿ ತಿಳಿದಾಗ ನಂಗೆ ಖುಷಿಯೂ ಆಯಿತು, ಸಮಾಧಾನವೂ ಆಯಿತು. ‘ಟೀನೇಜರ್’ ಅನ್ನೋ ಮಾತು ಅಲ್ಲಿ ಜನರ ಬಾಯಿಗೆ ಬಂದದ್ದೇ 1940ರ ದಶಕದ ಸುಮಾರಿಗೆ. ಅಷ್ಟೊತ್ತಿಗೆ ಹೆಚ್ಚಿನ ಮಕ್ಕಳು ಹೊಲ, ಕಾರ್ಖಾನೆ ಬಿಟ್ಟು ಹೈಸ್ಕೂಲಿಗೆ ಹೋಗುತ್ತಿದ್ದರು. ಅಲ್ಲಿನ ಗ್ರಂಥಪಾಲಕರ ಸಂಘ 1957ರಲ್ಲಿ ಈ ವಯಸ್ಸಿನ ಓದುಗರಿಗೆಂದೇ ಒಂದು ಪ್ರತ್ಯೇಕ ವಿಭಾಗ ಮಾಡಿತು. ಆದರೂ ಕಪಾಟಿನಲ್ಲಿ ಇಡಲು ಅವರಿಗೆ ತಕ್ಕ ಪುಸ್ತಕ ಕಡಿಮೆ. 1967ರಲ್ಲಿ ‘ದಿ ಔಟ್‌ಸೈಡರ್ಸ್’ ಅಂತ ಒಂದು ಕಾದಂಬರಿ ಬಂತು. ಓಕ್ಲಹೋಮಾದ ಟಲ್ಸ ಎಂಬ ಊರಿನ ಬಡ ಹುಡುಗರ ಗುಂಪಿಗೂ ಉಳ್ಳವರ ಹುಡುಗರ ಗುಂಪಿಗೂ ನಡೆಯುವ ಹೊಡೆದಾಟದ ಕತೆ. ಹದಿನಾಲ್ಕರ ಹುಡುಗನೊಬ್ಬ ಹೇಳುತ್ತಾನೆ. ಬರೆದವರು ಎಸ್.ಇ. ಹಿಂಟನ್. ಬರೆಯುವಾಗ ಆಕೆ ಇನ್ನೂ ಹೈಸ್ಕೂಲು ಹುಡುಗಿ. ಹುಡುಗಿ ಬರೆದದ್ದು ಅಂತ ಗೊತ್ತಾದರೆ ಇಂಥ ಕತೆಯನ್ನು ನಂಬಲ್ಲ ಅಂತ ಪ್ರಕಾಶಕರು ಬರೀ ಇನಿಷಿಯಲ್ಲು ಹಾಕಿದರು. ಅದನ್ನು ಎತ್ತಿಕೊಂಡು ಉಳಿಸಿದವರಲ್ಲಿ ಸ್ಕೂಲ್ ಮೇಷ್ಟ್ರುಗಳೇ ಮುಖ್ಯ. ‘ಯಂಗ್ ಅಡಲ್ಟ್’ ಅನ್ನೋ ಹಣೆಪಟ್ಟಿ ಇವತ್ತು ಬೆಂಗಳೂರಿನ ಮಾಲಿನ ಪುಸ್ತಕದಂಗಡಿಯಲ್ಲಿ ಮಿಂಚುವ ಅಕ್ಷರದಲ್ಲಿ ನೇತಾಡುತ್ತದೆ. ಅದರ ಕೆಳಗೆ ನಿಂತಾಗಲೆಲ್ಲ ನಾನು ಅಂದುಕೊಳ್ಳುವುದು, ಇದನ್ನು ಗಟ್ಟಿ ಮಾಡಿದ್ದು ಬಡವರ ಬೀದಿಯ ಕತೆ, ಬರೆದವಳು ತನ್ನ ಹೆಸರನ್ನು ಅರ್ಧ ಮುಚ್ಚಿಕೊಂಡ ಒಬ್ಬ ಹುಡುಗಿ.

ಹಾಗಾದರೆ ಕತೆಯೊಳಗಿನ ಹುಡುಗಿಯ ವಯಸ್ಸು ಎಷ್ಟೋ ಅದೇ ಪುಸ್ತಕದ ಪ್ರಕಾರವಾ? ಅದೂ ಅಲ್ಲ. ಟೋನಿ ಮಾರಿಸನ್ ಅವರ ‘ದಿ ಬ್ಲೂಯೆಸ್ಟ್ ಐ’ 1970ರದ್ದು. ಅದರ ಪೆಕೋಲಾಗೆ ಹನ್ನೊಂದು ವರ್ಷ, ನೀಲಿ ಕಣ್ಣು ಬೇಕು ಅಂತ ಬೇಡಿಕೊಳ್ಳುವ ಕಪ್ಪು ಹುಡುಗಿ. ಕತೆ ಹೇಳುವ ಕ್ಲಾಡಿಯಾ ಅವಳಿಗಿಂತ ಚಿಕ್ಕವಳು. ಅದನ್ನು ಮಕ್ಕಳ ಪುಸ್ತಕ ಅಂತ ಯಾರೂ ಕರೆಯಲಿಲ್ಲ, ಕರೆಯಬೇಕಾಗಿಯೂ ಇಲ್ಲ. ಆದರೂ ಹೈಸ್ಕೂಲುಗಳಲ್ಲಿ ಓದಿಸಿದರು, ಬೇಡ ಅಂತ ಅಷ್ಟೇ ಜೋರಾಗಿ ತೆಗೆಸಲೂ ನೋಡಿದರು. ಇನ್ನು 2017ರಲ್ಲಿ ಬಂದ ಆಂಜಿ ಥಾಮಸ್ ಅವರ ‘ದಿ ಹೇಟ್ ಯು ಗಿವ್’ನಲ್ಲಿ ಹದಿನಾರು ವರ್ಷದ ಹುಡುಗಿಯ ಕಣ್ಣೆದುರೇ ಅವಳ ಗೆಳೆಯನನ್ನು ಪೊಲೀಸಿನವನು ಗುಂಡಿಟ್ಟು ಕೊಲ್ಲುತ್ತಾನೆ. ಅದಕ್ಕೆ ‘ಯಂಗ್ ಅಡಲ್ಟ್’ ಅಂತಲೇ ಹಣೆಪಟ್ಟಿ. ಎರಡರಲ್ಲೂ ಸಾವು ನೋವು ಇದೆ, ಎರಡರಲ್ಲೂ ಕಪ್ಪು ಹುಡುಗಿ ಇದ್ದಾಳೆ. ನನಗೆ ಕಂಡ ವ್ಯತ್ಯಾಸ ಇಷ್ಟು: ಮಾರಿಸನ್ ಬೆಳೆದು ದೊಡ್ಡವರಾದವರು ಹಿಂದಕ್ಕೆ ತಿರುಗಿ ನೋಡುವ ಹಾಗೆ ಬರೆಯುತ್ತಾರೆ. ಥಾಮಸ್ ಅವರ ಹುಡುಗಿಗೆ ಹಿಂದಕ್ಕೆ ನೋಡಲು ಇನ್ನೂ ಏನೂ ಇಲ್ಲ, ನಾಳೆ ಬೆಳಿಗ್ಗೆ ಸ್ಕೂಲಿಗೆ ಹೋಗಬೇಕು.

ಈ ಅಳತೆ ಇಟ್ಟುಕೊಂಡು ನಮ್ಮವನ್ನು ನೋಡಿದೆ. 1933ರ ‘ಚೋಮನ ದುಡಿ’ಯಲ್ಲಿ ಬೆಳ್ಳಿ ಇದ್ದಾಳೆ. ಅಪ್ಪನ ಸಾಲಕ್ಕೆ ಅವಳು ತೋಟಕ್ಕೆ ಹೋಗುತ್ತಾಳೆ, ತನ್ನ ಮೈಯಲ್ಲಿ ತೀರಿಸಿ ಬರುತ್ತಾಳೆ. ಕಾರಂತರು ಅದನ್ನು ಚೋಮನ ಕಡೆಯಿಂದ ಹೇಳಿದರು, ಅದು ಚೋಮನ ಕಾದಂಬರಿಯಾಯಿತು. ಬೆಳ್ಳಿ ತನ್ನ ಬಾಯಲ್ಲೇ ಹೇಳಿದ್ದರೆ? ಆಗ ಅದನ್ನು ಯಾವ ಕಪಾಟಿಗೆ ಇಡುತ್ತಿದ್ದರು? ದೇವನೂರರ ‘ಒಡಲಾಳ’ದಲ್ಲಿ ಕದ್ದು ತಂದ ಕಡಲೆಕಾಯನ್ನು ಮನೆಮಂದಿಯೆಲ್ಲ ರಾತ್ರಿಯಿಡೀ ಸುಲಿದು ತಿನ್ನುವಾಗ, ಪುಟ್ಟಗೌರಿ ಗೋಡೆಯ ಮೇಲೆ ನವಿಲು ಬರೆಯುವಾಗ ನನಗೆ ಅದು ಹದಿನೈದು ವರ್ಷದವರು ಓದಲೇಬೇಕಾದ ಪುಸ್ತಕ ಅನ್ನಿಸುತ್ತದೆ. ಅದನ್ನು ಒಬ್ಬರು ಕಿರುಕಾದಂಬರಿ ಅಂತಾರೆ, ಇನ್ನೊಬ್ಬರು ನೀಳ್ಗತೆ ಅಂತಾರೆ. ‘ಕುಸುಮಬಾಲೆ’ಗಂತೂ 1990ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಮೇಲೂ ಇದು ಕಾದಂಬರಿಯೋ ಕಾವ್ಯವೋ ಅಂತ ಜಗಳ ನಿಲ್ಲಲಿಲ್ಲ. ಪಂಡಿತರ ಆ ಜಗಳ ನಡೆಯಲಿ, ಒಳ್ಳೆಯದೇ. ಅದು ಪುಟ ಎಣಿಸುವ, ಸಾಲು ಎಣಿಸುವ ಜಗಳ. ನನ್ನದು ಬೇರೆ.

ಪ್ರಕಾಶಕರ ಎರಡನೇ ಸಲಹೆ ‘ಆತ್ಮಕಥನ’. ‘ಅಪ್ಪ ಸಾಯೋ ಭಾಗ ಎಷ್ಟು ನಿಜವಾಗಿ ಬಂದಿದೆ ಅಂದ್ರೆ, ಇದನ್ನ ಕಾದಂಬರಿ ಅನ್ನೋದೇ ಅನ್ಯಾಯ’ ಅಂದರು. ಹೊಗಳಿದ್ದು. ಮೆಲ್ಲಗೆ ಸೇರಿಸಿದರು: ‘ನಿಮ್ಮ ತಂದೆಯವರು ತೀರಿಕೊಂಡು ಎಷ್ಟು ವರ್ಷ ಆಯ್ತಮ್ಮ?’

ನಮ್ಮಪ್ಪ ಸತ್ತಿಲ್ಲ. ಪುರಸಭೆಯಲ್ಲಿ ಗುತ್ತಿಗೆ ಪೌರಕಾರ್ಮಿಕ. ಫೋನು ಬಂದ ಆ ಹೊತ್ತಿನಲ್ಲಿ ಜಗಲಿ ಮೇಲೆ ಕೂತು ಬೀಡಿ ಸೇದುತ್ತಿದ್ದರು.

ನಾನು ಆ ಸಾವನ್ನು ಕಟ್ಟಿದ್ದೆ. ಬೇರೆ ಬೇರೆ ಊರಿನ ಸುದ್ದಿ ಓದಿ, ಅಪ್ಪನ ಜೊತೆಯವರ ಮಾತು ಕೇಳಿ, ಅಪ್ಪ ಮನೆಗೆ ಬರುವುದು ಒಂದು ಗಂಟೆ ತಡವಾದ ರಾತ್ರಿಗಳಲ್ಲಿ ಅವ್ವನ ಮುಖ ನೋಡಿ ಕಟ್ಟಿದ್ದೆ. ಎಷ್ಟು ಸಲ ಹರಿದು ಹಾಕಿದೆನೋ. ಅದು ನನ್ನ ಕಸುಬು. ಬೇರೆಯವರು ಸಾವನ್ನು ಕಲ್ಪಿಸಿ ಬರೆದರೆ ಪ್ರತಿಭೆ, ನಾನು ಬರೆದರೆ ಸಾಕ್ಷಿ ಹೇಳಿಕೆ! ನಮ್ಮವರ ಆತ್ಮಕಥನಗಳು ನನಗೆ ದಾರಿ ತೋರಿಸಿದವು. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’, ಸಿದ್ಧಲಿಂಗಯ್ಯನವರ ‘ಊರು ಕೇರಿ’ ಇಲ್ಲದಿದ್ದರೆ ನಮ್ಮ ಮನೆಯ ಮಾತು ಅಚ್ಚಿಗೆ ಬರಬಹುದು ಅಂತಲೇ ನನಗೆ ತಿಳಿಯುತ್ತಿರಲಿಲ್ಲ. ‘ಊರು ಕೇರಿ’ ಓದಿ ಹಾಸ್ಟೆಲಿನಲ್ಲಿ ನಗು ತಡೆಯಲಾಗದೆ ಬೈಸಿಕೊಂಡಿದ್ದೇನೆ. ಆದರೆ ಅವರು ಬದುಕಿದ್ದನ್ನು ಬರೆದು ನಿಜ ಅಂದರು. ನಾನು ಬದುಕದೇ ಇದ್ದುದನ್ನು ಬರೆದಾಗ ಅದನ್ನೂ ನಿಜ ಅಂತಲೇ ರಿಜಿಸ್ಟರು ಮಾಡಿಸುತ್ತೀರಲ್ಲ, ಇದು ಯಾವ ಲೆಕ್ಕ? ನಮಗೆ ಅನುಭವ ಉಂಟು, ಕಲ್ಪನೆ ಇಲ್ಲ ಅಂತ ತಾನೆ ಅದರರ್ಥ?

ಆ ರಾತ್ರಿ ಅಪ್ಪನಿಗೆ ಮೂರನೇ ಅಧ್ಯಾಯ ಓದಿ ಹೇಳಿದೆ. ಓದಲು ಬರದ ಮನುಷ್ಯ. ಗೋಡೆಗೆ ಒರಗಿ ಕೇಳಿದರು. ಗುಂಡಿಗೆ ಇಳಿಯುವ ಜಾಗದಲ್ಲಿ ಒಂದು ಸಲ ನಿಲ್ಲಿಸಿದರು: ‘ಹಗ್ಗ ಸೊಂಟಕ್ಕೆ ಕಟ್ಟಲ್ಲ ಕಣಮ್ಮಿ. ಯಾರು ಕಟ್ತಾರೆ? ಹಗ್ಗನೇ ಇರಾಕಿಲ್ಲ. ತೆಗ್ದಾಕು ಅದ.’ ನಾನು ಪೆನ್ಸಿಲಿನಲ್ಲಿ ಹಗ್ಗ ಹೊಡೆದುಹಾಕಿದೆ. ಓದಿ ಮುಗಿಸಿದ ಮೇಲೆ ತುಂಬ ಹೊತ್ತು ಸುಮ್ಮನಿದ್ದರು.

‘ನನ್ನ ಸಾಯಿಸ್ಬುಟ್ಟಾ?’

‘ನೀನಲ್ಲಪ್ಪ. ಮಾದಿ ಅಪ್ಪ.’

‘ಇದ್ನ ಏನಂತ ಅಚ್ಚಾಕ್ತಾರೆ?’

‘ಅದೇ ತೀರ್ಮಾನ ಆಗಿಲ್ಲ.’

‘ಕತೆ ಅಂತ್ಲೇ ಆಕ್ಸು. ಕತೇಲಿ ಸತ್ರೆ ಪರ್ವಾಗಿಲ್ಲ. ನಿಜ ಅಂತ ಆಕ್ಸುದ್ರೆ ಊರೋರು ತಿಥಿ ಊಟ ಕೇಳ್ತಾರೆ.’

ಅವ್ವ ಒಳಗಿಂದ ನಕ್ಕಳು. ಆತ್ಮಕಥನದ ವಿಷಯ ನಮ್ಮ ಮನೆಯಲ್ಲಿ ಅವತ್ತಿಗೆ ಮುಗಿಯಿತು.

ಮುಗಿಯದೇ ಇದ್ದದ್ದು ಮೂರನೆಯದು. ಇದನ್ನು ಬರೆಯಲು ನನಗೆ ಕಷ್ಟವಾಗುತ್ತಿದೆ, ಯಾಕೆಂದರೆ ಇಲ್ಲಿ ಎದುರಿಗಿರುವವರು ನಮ್ಮವರೇ. ಸಂಘದ ಹಿರಿಯರೊಬ್ಬರು, ನಾವೆಲ್ಲ ಅಣ್ಣ ಅಂತ ಕರೆಯುವವರು, ಪುಸ್ತಕ ಓದಿ ಮನೆಗೆ ಬಂದರು. 1973ರ ಬೂಸಾ ಗಲಾಟೆಯನ್ನು ಕಣ್ಣಾರೆ ಕಂಡವರು. ಮಂತ್ರಿಯಾಗಿದ್ದ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯಕ್ಕೆ ‘ಬೂಸಾ’ ಅಂತ ಒಂದು ಹಣೆಪಟ್ಟಿ ಹಚ್ಚಿದ್ದಕ್ಕೆ ಊರೂರೇ ಹೊತ್ತಿಕೊಂಡು, ಹಾಸ್ಟೆಲ್ ಹುಡುಗರು ಏಟು ತಿಂದು, ಅವರ ಮಂತ್ರಿಗಿರಿಯೇ ಹೋಯಿತಲ್ಲ, ಆ ದಿನಗಳು. ಅಣ್ಣ ಹೇಳಿದ್ದು ನೇರ: ‘ದಲಿತ ಕಾದಂಬರಿ ಅಂತ ದೊಡ್ಡಕ್ಷರದಲ್ಲಿ ಹಾಕವ್ವ. ಆ ಪದ ಯಾರೋ ನಮಗೆ ಕೊಟ್ಟಿದ್ದಲ್ಲ. ಬೊಂಬಾಯಲ್ಲಿ 1972ರಲ್ಲಿ ಪ್ಯಾಂಥರ್ ಹುಡುಗರು ಎತ್ತಿ ಹಿಡಿದದ್ದು, ನಾವಿಲ್ಲಿ ಗೋಡೆಗೋಡೆ ಮೇಲೆ ಬರೆದದ್ದು. ನೀನು ಅದನ್ನ ಮುಚ್ಚಿಟ್ಟರೆ ನಾವು ಮಾಡಿದ್ದೆಲ್ಲ ಏನು?’

ಅವರ ಮಾತಿಗೆ ತಲೆಬಾಗುತ್ತೇನೆ. ನನ್ನ ಮೊದಲ ಪದ್ಯ ಓದಿದ್ದು ಆ ಬಾವುಟದ ಕೆಳಗೆ. ಆದರೂ ಅವರಿಗೆ ಎದುರಾಡಿದೆ. ನನ್ನ ಕಣ್ಣ ಮುಂದೆ ಇದ್ದದ್ದು ವಿಮರ್ಶಕರಲ್ಲ, ಪಿಯುಸಿಯ ಹುಡುಗಿ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವಳು ‘ನಿಮ್ಮದು ಯಾವ ಜನ?’ ಅಂದರೆ ಇನ್ನೂ ಉತ್ತರ ಕಟ್ಟಿಕೊಳ್ಳುತ್ತಿರುವವಳು. ಕ್ಲಾಸಿನಲ್ಲಿ ಸ್ಕಾಲರ್‌ಶಿಪ್ಪಿನ ಪಟ್ಟಿ ಓದುವಾಗ ತಲೆ ತಗ್ಗಿಸುವವಳು. ನಾನು ತಗ್ಗಿಸಿದ್ದೇನೆ, ಅದಕ್ಕೇ ಗೊತ್ತು. ಆ ಪದ ಮುಖಪುಟದ ಮೇಲೆ ಇರುವ ಪುಸ್ತಕವನ್ನು ಅವಳು ಕೈಯಲ್ಲಿ ಹಿಡಿದರೆ ಅವಳ ಜಾತಿಯನ್ನು ನಾನು ಅವಳ ಅಪ್ಪಣೆ ಇಲ್ಲದೆ ಸಾರಿದ ಹಾಗೆ. ಬಾವುಟ ಹಿಡಿಯುವ ಧೈರ್ಯ ನನ್ನದು, ನಾನು ಇಪ್ಪತ್ತಾರು ವರ್ಷದವಳು. ಹದಿನೈದರವಳ ಕೈಗೆ ಅದನ್ನು ತುರುಕುವ ಹಕ್ಕು ನನಗಿದೆಯಾ?

‘ಹಿಡೀಲಿ ಬಿಡು, ಹಿಡಿದೇ ಧೈರ್ಯ ಬರೋದು’ ಅಂದರು ಅಣ್ಣ. ‘ನಾವು ಹಂಗೇ ಕಲ್ತದ್ದು.’

‘ನೀವು ನೂರು ಜನ ಒಟ್ಟಿಗೆ ಹಿಡಿದ್ರಿ ಅಣ್ಣ. ಅವಳು ಬಸ್ಸಲ್ಲಿ ಒಬ್ಳೇ ಇರ್ತಾಳೆ.’

ಅಣ್ಣ ಸುಮ್ಮನಾದರು. ಒಪ್ಪಲಿಲ್ಲ, ಸುಮ್ಮನಾದರು. ಇನ್ನೊಂದು ಮಾತನ್ನು ಅವರಿಗೆ ಹೇಳಲಿಲ್ಲ, ಇಲ್ಲಿ ಹೇಳುತ್ತೇನೆ. ಆ ಪದ ಗೋಡೆಯ ಮೇಲೆ ಇದ್ದಾಗ ಊರಿಗೆ ಊರೇ ಓದಬೇಕಾಗಿತ್ತು. ಈಗ ಅದು ಅಂಗಡಿಯ ಒಂದು ಕಪಾಟಿನ ಹೆಸರು. ಕನ್ನಡ ಕಾದಂಬರಿಗಳು ಅಲ್ಲಿ, ದಲಿತ ಸಾಹಿತ್ಯ ಈ ಮೂಲೆಯಲ್ಲಿ. ಊರಿಗೊಂದು ಕೇರಿ ಇದ್ದ ಹಾಗೆ ಅಂಗಡಿಗೊಂದು ಕಪಾಟು. ಪಿಎಚ್‌ಡಿ ಮಾಡುವವರು ಅಲ್ಲಿಗೆ ಹುಡುಕಿಕೊಂಡು ಬರುತ್ತಾರೆ, ಹಾಸ್ಟೆಲ್ ಹುಡುಗಿಯರು ಬರುವುದಿಲ್ಲ. ಪುಸ್ತಕದ ಮೊದಲ ವಾಕ್ಯದಲ್ಲೇ ಮಾದಿಯ ಕೇರಿಯ ಹೆಸರಿದೆ, ಜಾತಿಯ ಹೆಸರೂ ಇದೆ. ನಾನು ಮುಚ್ಚಿಡುತ್ತಿಲ್ಲ. ಆದರೂ ರಾತ್ರಿ ಒಂದೊಂದು ಸಲ ಎಚ್ಚರವಾದಾಗ ಅನುಮಾನ ಬರುತ್ತದೆ: ಬಸ್ಸಿನ ಹುಡುಗಿಗಾಗಿ ಅಂತ ಹೇಳಿಕೊಂಡು ನಾನೇ ತಲೆ ತಗ್ಗಿಸುತ್ತಿದ್ದೇನಾ? ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಕಪಾಟಿನ ಮಾತು ಬಂತು ಅಂತ ಒಂದು ಅಡ್ಡಮಾತು. ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುವ ಗೆಳತಿಯನ್ನು ಕೇಳಿದೆ, ನೀವು ಇಂಥ ಪುಸ್ತಕಕ್ಕೆ ಯಾವ ನಂಬರು ಹಾಕ್ತೀರಿ ಅಂತ. ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಕನ್ನಡ ಸಾಹಿತ್ಯ 894.814, ಮುಂದೆ 3 ಬಂದರೆ ಕಾದಂಬರಿ. ಅದರಲ್ಲಿ ಕೇರಿಯೂ ಇಲ್ಲ, ವಯಸ್ಸೂ ಇಲ್ಲ. ಪರವಾಗಿಲ್ಲವೇ ಅನ್ನಿಸಿತು. ಆಮೇಲೆ ಅವಳು ನಗುತ್ತಾ ತೋರಿಸಿದಳು: ಇಂಗ್ಲಿಷಿಗೆ 820, ಫ್ರೆಂಚಿಗೆ 840, ಒಂದೊಂದಕ್ಕೆ ಒಂದೊಂದು ಬೀದಿ. 890 ಅಂದರೆ ‘ಇತರೆ’ ಭಾಷೆಗಳ ಸಾಹಿತ್ಯ. ಆ ‘ಇತರೆ’ಯೊಳಗೆ ದ್ರಾವಿಡ ಭಾಷೆಗಳನ್ನು ಟರ್ಕಿ, ಫಿನ್‌ಲೆಂಡಿನ ಭಾಷೆಗಳ ಜೊತೆ 894ಕ್ಕೆ ತಳ್ಳಿದ್ದಾರೆ. ಅಂದರೆ 1876ರಲ್ಲಿ ಶುರುವಾದ ಆ ಊರಿನ ನಕ್ಷೆಯಲ್ಲಿ ಇಡೀ ಕನ್ನಡವೇ ಕೇರಿಯಲ್ಲಿದೆ. ನಮ್ಮ ಪಂಡಿತರಿಗೆ ಇದನ್ನು ಯಾರಾದರೂ ಹೇಳಿ.

ಕೊನೆಗೆ ನನಗೆ ಹೊಳೆದದ್ದು, ಮೊದಲೇ ಹೊಳೆಯಬೇಕಾಗಿದ್ದದ್ದು. ಯಾರ ವಯಸ್ಸಿನ ಬಗ್ಗೆ ಇಷ್ಟೆಲ್ಲ ಕಿತ್ತಾಡುತ್ತಿದ್ದೇವೋ ಅವರನ್ನು ಯಾರೂ ಕೇಳಿರಲಿಲ್ಲ. ನಾನಿದ್ದ ಹಾಸ್ಟೆಲಿಗೇ ಹೋದೆ. ಡಿಟಿಪಿ ಪ್ರತಿಯನ್ನು ಎರಡು ಜೆರಾಕ್ಸ್ ಮಾಡಿಸಿಕೊಂಡು ಹೋಗಿದ್ದೆ. ಭಾನುವಾರ ಮಧ್ಯಾಹ್ನ, ಊಟ ಆದ ಮೇಲೆ ಇಪ್ಪತ್ತು ಹುಡುಗಿಯರು ಕೂತರು. ಒಂದನೇ ಅಧ್ಯಾಯ ಓದಿದೆ. ಮೊದಲ ಪ್ರಶ್ನೆ: ‘ಅಕ್ಕಾ, ಇದು ಸಿಲಬಸ್ಸಿಗೆ ಬರುತ್ತಾ?’ ಇಲ್ಲ ಅಂದೆ. ಆರು ಹುಡುಗಿಯರು ಎದ್ದು ಬಟ್ಟೆ ಒಗೆಯಲು ಹೋದರು. ಅವರ ಮಟ್ಟಿಗೆ ಸಾಹಿತ್ಯದಲ್ಲಿ ಇರುವುದು ಎರಡೇ ಪ್ರಕಾರ, ಸಿಲಬಸ್ಸಿಗೆ ಬರುವುದು ಮತ್ತು ಬಾರದಿರುವುದು.

ಉಳಿದವರಿಗೆ ಪ್ರಕಾಶಕರು ತೆಗೆಯಿರಿ ಅಂದ ಜಾಗಗಳನ್ನೇ ಓದಿದೆ. ಗುಂಡಿಯ ಹೆಣ ಓದುವಾಗ ಒಬ್ಬಳೂ ಅಲುಗಲಿಲ್ಲ. ಒಬ್ಬ ಹುಡುಗಿ ಮಾತ್ರ, ‘ಪೋಸ್ಟ್‌ಮಾರ್ಟಂ ಆದ ಮೇಲೆ ಅಷ್ಟು ಬೇಗ ಕೊಡಲ್ಲ ಅಕ್ಕ, ಸಂಜೆ ಆಗುತ್ತೆ’ ಅಂದಳು. ಅವಳಿಗೆ ಹೇಗೆ ಗೊತ್ತು ಅಂತ ನಾನು ಕೇಳಲಿಲ್ಲ. ಬಚ್ಚಲ ಭಾಗಕ್ಕೆ ಎಲ್ಲರೂ ನಕ್ಕರು, ‘ಈಗ ಚಿಲಕ ಹಾಕ್ಸಿದ್ದಾರೆ, ನೀರು ಬರಲ್ಲ’ ಅಂದರು. ಕಾಗದದ ಭಾಗ ಬಂದಾಗ ಬಟ್ಟೆ ಒಗೆಯಲು ಹೋದವರೂ ಸೋಪಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತರು. ಹುಡುಗನ ಕಾಗದ ನಿಂತಿತು ಅನ್ನುವಲ್ಲಿಗೆ ನಾನು ಅಧ್ಯಾಯ ಮುಗಿಸಿದ್ದೆ. ಅವರು ಬಿಡಲಿಲ್ಲ. ‘ಅವಳು ಏನಂತ ಉತ್ತರ ಬರೀತಾಳೆ?’ ಅಂತ ಒಬ್ಬಳು. ‘ಬರೆಯಲ್ಲ’ ಅಂದೆ. ‘ಯಾಕ್ ಬರೆಯಲ್ಲ? ಅರ್ಜಿ ಬರೆಯೋಕೆ ಬರುತ್ತೆ, ಇದಕ್ಕೆ ಬರಲ್ವಾ?’

ನನಗೆ ತಟ್ಟಿತು. ಊರಿಗೆ ಬಂದವಳೇ ಆ ಉತ್ತರ ಬರೆದೆ, ಎಂಟು ಸಾಲು. ಪುಸ್ತಕದಲ್ಲಿ ಈಗ ಅದಿದೆ.

ಪ್ರಕಾಶಕರಿಗೆ ಫೋನು ಮಾಡಿ, ‘ಕಾದಂಬರಿ’ ಅಂತ ಹಾಕಿ ಸಾರ್, ಹಿಂದೆ ಮುಂದೆ ಏನೂ ಬೇಡ ಅಂದೆ. ಬರೀ ಕಾದಂಬರಿ ಅಂದರೆ ಸ್ಕೂಲಿನವರು ತಗೊಳ್ಳಲ್ಲಮ್ಮ, ದೊಡ್ಡವರು ಹುಡುಗಿ ಕತೆ ಅಂತ ಬಿಡ್ತಾರೆ, ಮುನ್ನೂರು ಪ್ರತಿ ಮೇಲೆ ಹಾಕೋಕಾಗಲ್ಲ ಅಂದರು. ಮುನ್ನೂರೇ ಹಾಕಿ ಅಂದೆ. ಐವತ್ತು ಪ್ರತಿ ನನಗೆ ಕೊಡಿ, ದುಡ್ಡು ಕೊಡ್ತೀನಿ, ಹಾಸ್ಟೆಲುಗಳಿಗೆ ನಾನೇ ಹೊತ್ತುಕೊಂಡು ಹೋಗ್ತೀನಿ ಅಂತಲೂ ಅಂದೆ. ದುಡ್ಡು ಇನ್ನೂ ಹೊಂದಿಸಿಲ್ಲ. ಇದನ್ನು ಓದುತ್ತಿರುವ ಮೇಷ್ಟ್ರುಗಳು, ಮೇಡಮ್ಮುಗಳು ಯಾರಾದರೂ ಇದ್ದರೆ ನಿಮ್ಮ ಊರಿನ ಹಾಸ್ಟೆಲಿಗೂ ಬರುತ್ತೇನೆ, ಬಸ್ ಚಾರ್ಜು ಬೇಡ.

ಹಾಸ್ಟೆಲಿನಲ್ಲಿ ಬಿಟ್ಟುಬಂದ ಜೆರಾಕ್ಸ್ ಪ್ರತಿ ತರಲು ಮೊನ್ನೆ ಹೋಗಿದ್ದೆ. ಒಂದು ಸಿಕ್ಕಿತು. ಅದಕ್ಕೆ ಕಂದು ಕಾಗದದ ಬೈಂಡು ಹಾಕಿದ್ದರು. ಮೇಲೆ ನೋಟ್ ಪುಸ್ತಕಕ್ಕೆ ಅಂಟಿಸುವ ಲೇಬಲ್ಲು. ಹೆಸರಿನ ಮುಂದೆ ಒಬ್ಬ ಹುಡುಗಿಯ ಹೆಸರು, ತರಗತಿಯ ಮುಂದೆ ಹತ್ತು. ವಿಷಯದ ಮುಂದೆ ‘ಸಮಾಜ ವಿಜ್ಞಾನ’ ಅಂತ ದುಂಡಗೆ ಬರೆದಿತ್ತು. ‘ವಾರ್ಡನ್ ಮೇಡಂ ಚೆಕ್ ಮಾಡ್ತಾರೆ ಅಕ್ಕ, ಅದಕ್ಕೆ’ ಅಂದಳು. ಇನ್ನೊಂದು ಪ್ರತಿ ಯಾರ ಹಾಸಿಗೆ ಕೆಳಗಿದೆಯೋ ಗೊತ್ತಿಲ್ಲವಂತೆ, ಕೈಯಿಂದ ಕೈಗೆ ಹೋಗಿದೆ.